ಉತ್ತಮಪುರುಷ ಗುಂಡುಪ್ರಯೋಗದಲ್ಲಿ ಭಾರಮೀಮಾಂಸೆ: ಜೈನಾಪುರ ಪರಿಸರವನ್ನು ಅನುಲಕ್ಷಿಸಿ

ಉದ್ದೇಶ, ವ್ಯಾಪ್ತಿ, ಮಿತಿಗಳನ್ನು ಆರಂಭದಲ್ಲೇ ಸ್ಪಷ್ಟಪಡಿಸುವುದು ಸಂಶೋಧನಾ ಶಿಸ್ತಿನ ಕನಿಷ್ಠ ಬೇಡಿಕೆ. ಉದ್ದೇಶ: ‘ಬೋನ್‌ವರ್ಕ್ಸ್’ ಎಂಬ ವಿಡಿಯೋ ಗೇಮಿನಲ್ಲಿ ಭಾರದ ಸಂಕಥನವು ನಿರ್ಮಿತಗೊಳ್ಳುವ ಬಗೆಯನ್ನು ತಾತ್ವಿಕ ನೆಲೆಯಲ್ಲಿ ಶೋಧಿಸುವುದು. ವ್ಯಾಪ್ತಿ: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಜೈನಾಪುರ ಪರಿಸರ. ಮಿತಿ: ಜೈನಾಪುರದಲ್ಲಿ ಈ ಗೇಮ್ ಆಡಿದವರು ಯಾರೂ ಪ್ರಬಂಧಕಾರರ ಕೈಗೆ ಸಿಗಲಿಲ್ಲ. ಇದರಿಂದ ಫಲಿತಗಳಿಗೆ ಯಾವ ಬಾಧಕವೂ ಇಲ್ಲ. ಆಕರ ಸಿಗಲಿಲ್ಲವೆಂಬ ಕಾರಣಕ್ಕೆ ನಮ್ಮ ವಿಚಾರ ಸಂಕಿರಣಗಳಲ್ಲಿ ನಿಷ್ಕರ್ಷೆಯೊಂದು ನಿಂತುಹೋದ ನಿದರ್ಶನ ಇಲ್ಲ.

ಇನ್ನು ಅಧ್ಯಯನ ವಸ್ತು. ಅಮೆರಿಕದ ಸ್ಟ್ರೆಸ್ ಲೆವೆಲ್ ಝೀರೋ ಎಂಬ ಚಿಕ್ಕ ಕಂಪನಿ 2019ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ ಬೋನ್‌ವರ್ಕ್ಸ್, ಸರಳವಾಗಿ ಹೇಳುವುದಾದರೆ (ಹೇಳಬಾರದು, ಆದರೂ), ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುವ ಗುಂಡಿನ ಆಟ, ಅಂದರೆ ಶೀರ್ಷಿಕೆಯ ‘ಉತ್ತಮಪುರುಷ ಗುಂಡುಪ್ರಯೋಗ’. ಆಡುವವನು ಆರ್ಥರ್ ಫೋರ್ಡ್ ಎಂಬ ಭದ್ರತಾ ಅಧಿಕಾರಿಯಾಗಿ, ಮೊನೊಗಾನ್ ಎಂಬ ಕಲ್ಪಿತ ಕಂಪನಿ ಕಟ್ಟಿದ ಮಿಥ್ಯಾನಗರದೊಳಗೆ ಹೊಗುತ್ತಾನೆ. ಎಷ್ಟೋ ಗೇಮುಗಳಲ್ಲಿ ಗುಂಡು ಮುಗಿದರೆ ಒಂದು ಬಟನ್ ಒತ್ತಿದರಾಯಿತು. ಇಲ್ಲಿ ಖಾಲಿ ಮ್ಯಾಗಝಿನ್ ಕೆಳಗೆ ಬೀಳಿಸಿ, ಸೊಂಟದಿಂದ ಇನ್ನೊಂದನ್ನು ತೆಗೆದು, ಪಿಸ್ತೂಲಿಗೆ ಸಿಕ್ಕಿಸಿ, ಮೇಲಿನ ಸ್ಲೈಡ್ ಎಳೆದು ಬಿಡಬೇಕು. ಅಷ್ಟರಲ್ಲಿ ಶತ್ರು ಎದೆಯ ಮೇಲೆ ಕೂತಿರುತ್ತಾನೆ. ಹಾರೆಯ ತುದಿಯನ್ನು ಅಂಚಿಗೆ ಸಿಕ್ಕಿಸಿದರೆ ಅಲ್ಲೇ ಜೋತಾಡಬಹುದು. ಆಡುವವನ ಇಡೀ ಮೈಗೆ ಭೌತಶಾಸ್ತ್ರ ಅನ್ವಯವಾಗುವುದರಿಂದ ಗೋಡೆ ಹತ್ತುವಾಗ ಕೈ ಮೇಲೆ ತಲುಪಿದರೂ ಕಾಲು ಕೆಳಗಿನ ಅಂಚಿಗೆ ಸಿಕ್ಕಿಕೊಂಡು ಮನುಷ್ಯ ಅರ್ಧದಲ್ಲಿ ನೇತಾಡುತ್ತಾನೆ. ಆ ಕಾಲನ್ನು ಬೈಯದೆ ಆಟ ಮುಗಿಸಿದವರು ಕಡಿಮೆ. ಕಣ್ಣು ‘ಓಡುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿ ‘ಇಲ್ಲ, ನಿಂತಿದ್ದೀ’ ಎನ್ನುತ್ತದೆ. ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ.

ಈ ಗೇಮಿನ ತಾತ್ವಿಕ ಕೇಂದ್ರ ಇರುವುದು ಸುತ್ತಿಗೆಯಲ್ಲಿ. ಕೈಯಲ್ಲಿರುವ ಕಂಟ್ರೋಲರ್ ಕಾಲು ಕಿಲೋ ಕೂಡ ತೂಗುವುದಿಲ್ಲ. ಅದನ್ನು ಹಿಡಿದು ಗೇಮಿನೊಳಗಿನ ದೊಡ್ಡ ಸುತ್ತಿಗೆಯನ್ನು ಎತ್ತಿದರೆ ನಿಜವಾದ ಕೈ ಥಟ್ಟನೆ ಮೇಲೇಳುತ್ತದೆ. ಪರದೆಯೊಳಗಿನ ಕೈ ಮಾತ್ರ ಹಿಂದೆ ಉಳಿದು ನಿಧಾನಕ್ಕೆ ಬರುತ್ತದೆ. ಆ ತಡವನ್ನು ಕಂಡ ಮೆದುಳು ‘ಓಹೋ, ಭಾರ ಇದೆ’ ಅಂದುಕೊಳ್ಳುತ್ತದೆ. ಆಡುವವನು ತನಗೇ ಗೊತ್ತಿಲ್ಲದೆ ತೋಳನ್ನು ನಿಧಾನಗೊಳಿಸುತ್ತಾನೆ. ತೂಕ ಎಲ್ಲೂ ಇಲ್ಲ, ಇರುವುದು ತಡ ಮಾತ್ರ.

ವಿದ್ವತ್ ಲೋಕಕ್ಕೆ ಈ ತಂತ್ರ ಹೊಸದಲ್ಲ. ‘ಈ ವರ್ಷ ಮಳೆ ಆಗಲಿಲ್ಲ, ದ್ರಾಕ್ಷಿ ಹೋಯಿತು’ ಎಂಬುದು ತಿಕೋಟಾದ ರೈತ ಒಂದೇ ಉಸಿರಿನಲ್ಲಿ ಹೇಳುವ ಮಾತು. ಇದನ್ನೇ ‘ವೃಷ್ಟಿಯ ಗೈರುಹಾಜರಿಯು ದ್ರಾಕ್ಷಾಕೇಂದ್ರಿತ ಕೃಷಿಕ ಅಸ್ಮಿತೆಯ ಪರಿಧಿಯಲ್ಲಿ ಉಂಟುಮಾಡುವ ಬಿಕ್ಕಟ್ಟಿನ ಬಹುಮುಖಿ ನೆಲೆಗಳು’ ಎಂದು ಬರೆದರೆ ಓದುಗನ ಕಣ್ಣು ತಡೆಯುತ್ತದೆ, ತುಟಿ ನಿಧಾನವಾಗುತ್ತದೆ, ಮಾತಿಗೆ ತೂಕ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಕೈಯಲ್ಲಿರುವುದು ಅದೇ ಕಾಲು ಕಿಲೋ. ಅಮೆರಿಕದವರು ಇದನ್ನು 2019ರಲ್ಲಿ ಈ ಗೇಮಿಗೆ ಇಳಿಸಿದರು. ನಮ್ಮ ವಿಭಾಗಗಳು ಬಹಳ ಹಿಂದೆಯೇ ಕರಗತ ಮಾಡಿಕೊಂಡಿದ್ದವು, ಅದೂ ಹೆಡ್‌ಸೆಟ್ ಇಲ್ಲದೆ.

ಸ್ಥಳೀಯ ಪೂರ್ವರೂಪಗಳತ್ತ ಈಗ ಗಮನ ಹರಿಸಬೇಕು. ಭೌತಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಗುಂಡಿನ ಆಟ ವಿಜಯಪುರಕ್ಕೆ ಮೊದಲೇ ಬಂದಿತ್ತು. ಅದರ ಹೆಸರು ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಪಂಚಲೋಹದಂಥ ಮಿಶ್ರಲೋಹದ ತೋಪು. ತೂಕ ಸುಮಾರು 55 ಟನ್. ಬಾಯಿ ಎಂದರೆ ಆನೆಯನ್ನು ಅಗಿಯುತ್ತಿರುವ ಸಿಂಹದ ಮುಖ. 10 ಆನೆ, 400 ಎತ್ತು, ನೂರಾರು ಆಳುಗಳು ಎಳೆದು ತಂದರೆಂಬುದು ಪ್ರತೀತಿ. ಗೇಮಿಂಗ್ ಪರಿಭಾಷೆಯಲ್ಲಿ ಇದನ್ನು ‘ಡೌನ್‌ಲೋಡ್ ಅವಧಿ’ ಎನ್ನಬಹುದು. ಸುಡು ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ, ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ ಎಂದು ಊರವರು ಹೇಳುತ್ತಾರೆ. ಬತ್ತಿ ಹಚ್ಚಿದ ಗೋಲಂದಾಜ ಪಕ್ಕದ ನೀರಿನ ತೊಟ್ಟಿಗೆ ಧುಮುಕಿ ಕಿವಿ ಉಳಿಸಿಕೊಳ್ಳುತ್ತಿದ್ದನೆಂಬ ಕಥೆಯನ್ನು ಗೈಡುಗಳು ಬಂದವರಿಗೆಲ್ಲ ಹೇಳುತ್ತಾರೆ. ಆಟಗಾರನ ಇಡೀ ಮೈಯನ್ನು ಆಟದೊಳಗೆ ಎಳೆದುಕೊಳ್ಳುವ ವಿನ್ಯಾಸಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತ ಕ್ಯಾಲಿಫೋರ್ನಿಯಾದಲ್ಲಿ ಸಿಗಲಾರದು.

ಕಾಲಾನುಕ್ರಮದ ಒಂದು ಟಿಪ್ಪಣಿ ಅಗತ್ಯ. ಔರಂಗಜೇಬ ವಿಜಯಪುರ ಗೆದ್ದದ್ದು 1686ರಲ್ಲಿ. ಕ್ರಿಯೆ-ಪ್ರತಿಕ್ರಿಯೆಯ ನಿಯಮವಿದ್ದ ನ್ಯೂಟನ್ನನ ಗ್ರಂಥ ಅಚ್ಚಾದದ್ದು 1687ರಲ್ಲಿ. ಅಂದರೆ ವಿಜಯಪುರ ಆಳುತ್ತಿದ್ದ ಆದಿಲ್‌ಶಾಹಿಗಳು ಮೂರನೆಯ ನಿಯಮ ಓದದೆಯೇ ಸೋತರು. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಈ ತೋಪನ್ನು ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ. ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಕೊನೆಗೆ ಯಾರಿಗೋ ಬುದ್ಧಿ ಬಂದು ಮಾರಾಟ ರದ್ದಾಯಿತು. ಗೋಲ ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನೂ ‘ತ್ರಿಆಯಾಮಿ ಧ್ವನಿವಿನ್ಯಾಸ’ ಎಂಬ ಶೀರ್ಷಿಕೆಯಡಿ ಇಲ್ಲೇ ಸೇರಿಸುವ ಇರಾದೆ ಇತ್ತು. ಆದರೆ ಅಲ್ಲಿ ಈಗ ಪಿಸುಗುಟ್ಟುವವರು ಯಾರೂ ಇಲ್ಲ, ಎಲ್ಲರೂ ಕೂಗುವವರೇ. ಆ ಭಾಗ ಕೈಬಿಡಲಾಗಿದೆ.

ಸಮಕಾಲೀನ ಕ್ಷೇತ್ರಕಾರ್ಯಕ್ಕೆ ವಿಜಯಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೇ ತಕ್ಕ ಜಾಗ. ಹಲಗೆಗೆ ಸಾಲಾಗಿ ಫುಗ್ಗಾ ಕಟ್ಟಿದ ಅಂಗಡಿ, ಮುಂದೆ ಅಡ್ಡಗಟ್ಟಿದ ಕಟ್ಟಿಗೆ, ಅದರ ಮೇಲೆ ಏರ್‌ಗನ್. ಅಂಗಡಿಯವ ನಳಿಗೆಯನ್ನು ಮೊಣಕಾಲಿಗೆ ಒತ್ತಿ ಮಡಚಿ, ಬಾಯಲ್ಲಿಟ್ಟುಕೊಂಡ ಸೀಸದ ಗುಂಡು ತೆಗೆದು ತುರುಕಿ, ಟಕ್ಕನೆ ನೆಟ್ಟಗೆ ಮಾಡಿ ಕೊಡುತ್ತಾನೆ. ಬಂದೂಕಿನ ತೂಕಕ್ಕೆ ಹುಡುಗನ ಎಡಗೈ ಇಳಿಬೀಳುತ್ತದೆ, ಗುರಿ ಜಾರುತ್ತದೆ, ಕೆಂಪು ಫುಗ್ಗಾಕ್ಕೆ ಹಿಡಿದದ್ದು ಹಲಗೆಗೆ ಬಡಿಯುತ್ತದೆ.

‘ಕಾಕಾ, ನಿಮ್ಮ ಬಂದೂಕ ಡೊಂಕ್ ಐತ್ರಿ.’

‘ಬಂದೂಕ ನೆಟ್ಟಗೈತಿ ತಮ್ಮಾ, ನಿನ್ನ ಕಣ್ಣ ಡೊಂಕ್ ಐತಿ. ಇನ್ನೊಮ್ಮಿ ಹೊಡಿತಿಯೇನು?’

ಹತ್ತು ನಿಮಿಷದಲ್ಲಿ ಹುಡುಗ ನಳಿಗೆಯ ಡೊಂಕನ್ನು ಲೆಕ್ಕ ಹಾಕಿ, ಎರಡು ಬೆರಳು ಎಡಕ್ಕೆ ಗುರಿಯಿಟ್ಟು ಹೊಡೆಯಲು ಕಲಿತಿರುತ್ತಾನೆ. ಇದಕ್ಕೆ ದಿಕ್ಸೂಚಿ ಭಾಷಣ ಬೇಕಾಗಿರಲಿಲ್ಲ. ಇದೇ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತದೆ. ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ಮೊದಲು ತೊಡೆಗೆ, ಆಮೇಲೆ ಎದೆಗೆ ತಂದುಕೊಂಡು, ಉಸಿರು ಕಟ್ಟಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವವನ ಕೈಗೂ ಕಣ್ಣಿಗೂ ನಡುವೆ ಯಾವ ತಡವೂ ಇರುವುದಿಲ್ಲ.

ಮೇಲಿನ ಚರ್ಚೆಯ ಆಧಾರದಲ್ಲಿ ಭಾರವನ್ನು ಐದು ವಿಧವಾಗಿ ವಿಂಗಡಿಸಬಹುದು. ಒಂದು, ದೃಶ್ಯಭಾರ: ಬೋನ್‌ವರ್ಕ್ಸ್‌ನ ಸುತ್ತಿಗೆ. ಎರಡು, ಶಬ್ದಭಾರ: ಪಿಎಚ್.ಡಿ. ಪ್ರಬಂಧ. ಮೂರು, ಐತಿಹಾಸಿಕ ಭಾರ: ತೋಪು, ಇದರಲ್ಲಿ ಸ್ಥಾವರ ಮತ್ತು ಹರಾಜಾರ್ಹ ಎಂಬ ಎರಡು ಉಪವಿಧ. ನಾಲ್ಕು, ಉತ್ಸವಭಾರ, ಇದರಲ್ಲಿ ಕಲ್ಲು, ಚೀಲ, ಗುಂಡು ಎಂದು ಮತ್ತೆ... ಇರಲಿ ಬಿಡಿ. ಐದನೆಯದು ಯಾವುದೆಂದು ಎಪಿಎಂಸಿ ಅಂಗಳಕ್ಕೆ ಹೋದ ಯಾರಿಗಾದರೂ ಗೊತ್ತು, ಅದಕ್ಕೆ ಹೆಸರಿಡುವ ಚಪಲ ಬೇಡ.

ಅಲ್ಲಿ ಹಮಾಲ ಬೆನ್ನು ಬಗ್ಗಿಸಿ ನಿಲ್ಲುತ್ತಾನೆ. ಇಬ್ಬರು ಚೀಲ ಎತ್ತಿ ಮೇಲೆ ಹಾಕುತ್ತಾರೆ. ಒಬ್ಬ ವಯಸ್ಕ ಗಂಡು ಕಾರ್ಮಿಕ ಹೊರಬಹುದಾದ ಗರಿಷ್ಠ ತೂಕ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಆ ಕಾಗದ ಹಮಾಲರ ಬೆನ್ನಿನವರೆಗೆ ಬಂದು ತಲುಪಿದ ಹಾಗೆ ಕಾಣುವುದಿಲ್ಲ. ಯೂರಿಯಾ ಚೀಲ 50 ಕಿಲೋದಿಂದ 45ಕ್ಕೆ ಇಳಿದದ್ದು 2018ರಲ್ಲಿ, ಅದೂ ಹೊರುವವನ ಬೆನ್ನು ನೋಡಿ ಅಲ್ಲ, ರೈತರು ಗೊಬ್ಬರ ಕಡಿಮೆ ಹಾಕಲಿ ಎಂದು. ತೂಕ ಇಲ್ಲದವನಿಗೆ ತೂಕದ ಭ್ರಮೆ ಕೊಡಲು ಜಗತ್ತಿನ ಜಾಣ ತಲೆಗಳು ಹಗಲಿರುಳು ದುಡಿಯುತ್ತಿವೆ. ತೂಕ ಹೊರುವವನ ಬೆನ್ನಿಂದ ಹತ್ತು ಕಿಲೋ ಇಳಿಸಲು ಯಾವ ತಲೆಗೂ ಪುರುಸೊತ್ತಿಲ್ಲ. ಇದಕ್ಕೆ ‘ಸಂಕಥನ’ ಎಂಬ ಪದ ಬಳಸಿದವರ ಮೇಲೆ ಪ್ರಬಂಧಕಾರರಿಗೆ ನಿಜವಾಗಿಯೂ ಸಿಟ್ಟಿದೆ.

ಸಿಟ್ಟು ಗೇಮ್ ಮಾಡಿದವರ ಮೇಲಲ್ಲ. ಅವರು ಸುತ್ತಿಗೆ ಎಂದರೆ ಏನೆಂದು ಗಂಭೀರವಾಗಿ ಯೋಚಿಸಿದ್ದಾರೆ. ಅಷ್ಟು ಶ್ರದ್ಧೆ ಸಂಕಿರಣಗಳಲ್ಲಿ ಕಾಣುವುದು ಕಷ್ಟ. ಹತ್ತಕ್ಕೆಂದು ಅಚ್ಚು ಹಾಕಿಸಿದ ಉದ್ಘಾಟನೆ ಹನ್ನೆರಡಕ್ಕೆ ಶುರುವಾಗುತ್ತದೆ. ಸಸಿಗೆ ನೀರು, ಶಾಲು, ಹಾರ, ದಿಕ್ಸೂಚಿ. ಊರಿಂದ ಬೆಳಗಿನ ಬಸ್ಸು ಹಿಡಿದು ಬಂದ ಸಂಶೋಧನಾ ವಿದ್ಯಾರ್ಥಿನಿಗೆ ಊಟದ ನಂತರ ಐದು ನಿಮಿಷ, ಅದರಲ್ಲೂ ಎರಡು ನಿಮಿಷಕ್ಕೆ ಚೀಟಿ. ಪ್ರಬಂಧ ಅಚ್ಚಾಗಬೇಕಾದರೆ ಅವಳೇ ದುಡ್ಡು ಕಟ್ಟಬೇಕು, ಪತ್ರಿಕೆಗೆ ಐಎಸ್‌ಎಸ್‌ಎನ್ ಇದೆಯಲ್ಲ! ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ಸಂಖ್ಯೆಯಷ್ಟೆ, ಒಳಗೇನಿದೆ ಎಂದು ಅದು ನೋಡುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಸರ್ಕಾರದ ಕಡೆಗೆ ಬಂದರೆ, ಅನಿಮೇಷನ್ ಮತ್ತು ಗೇಮಿಂಗಿಗೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದದ್ದು ಅದಕ್ಕೂ ಹಿಂದೆ, 1997ರಲ್ಲಿ. 2024ರ ಹೊಸ ನೀತಿಯ ಹೆಸರಿಗೆ ‘ಎಕ್ಸ್‌ಆರ್’ (ಹೆಡ್‌ಸೆಟ್ ಕಟ್ಟಿಕೊಳ್ಳುವ ವಿಸ್ತೃತ ವಾಸ್ತವ) ಎಂಬ ಬಾಲವೂ ಸೇರಿದೆ. ಒಳ್ಳೆಯದೇ. ಆದರೆ ಪ್ರಬಂಧಕಾರರು ಓದಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಸ್ಪ್ರಿಂಗ್ ತಕ್ಕಡಿ ಕಪಾಟಿನಲ್ಲಿತ್ತು, ಕಪಾಟಿಗೆ ಕೀಲಿ ಇತ್ತು, ಕೀಲಿ ಎಲ್ಲಿತ್ತೋ. ‘ಒಡೆದರೆ ಯಾರು ಕೊಡುತ್ತಾರೆ?’ ಎಂಬುದು ಅಲ್ಲಿಯ ಭೌತಶಾಸ್ತ್ರದ ಏಕೈಕ ನಿಯಮ. ಬಲ, ದ್ರವ್ಯರಾಶಿ, ವೇಗೋತ್ಕರ್ಷಗಳನ್ನು ಹುಡುಗರು ಗೈಡಿನ ಚಿತ್ರ ನೋಡಿ ಬಾಯಿಪಾಠ ಮಾಡಿ ಪಾಸಾದರು.

ಶಿಫಾರಸುಗಳು. ಮೊದಲನೆಯದು, ಕಪಾಟಿನ ಕೀಲಿ ಹುಡುಕಬೇಕು. ಸಿಗದಿದ್ದರೆ ಬೀಗ ಒಡೆಯಬೇಕು, ಬೇಕಾದರೆ ಬೋನ್‌ವರ್ಕ್ಸ್‌ನ ಹಾರೆ ಬಳಸಬಹುದು. ಎರಡನೆಯದು, ಪ್ರಬಂಧಕಾರರಿಗೆ ಒಂದು ಹೆಡ್‌ಸೆಟ್ ಮಂಜೂರು ಮಾಡಬೇಕು, ಇದನ್ನು ಮರೆಯಬಾರದು. ಮೂರನೆಯದು, ಮುಂದಿನ ಸಂಕಿರಣದ ಊಟಕ್ಕೆ ಬರುವ ಅಕ್ಕಿ ಚೀಲಗಳನ್ನು ಗಾಡಿಯಿಂದ ಇಳಿಸುವ ಕೆಲಸವನ್ನು ದಿಕ್ಸೂಚಿ ಭಾಷಣಕಾರರಿಗೇ ವಹಿಸಬೇಕು. ಅಷ್ಟು ಹೊತ್ತು ಹಮಾಲರು ವೇದಿಕೆಯ ಮೇಲೆ ಕೂತು ಚಹಾ ಕುಡಿಯಲಿ. ಅವರು ಭಾಷಣ ಮಾಡಲೇಬೇಕೆಂದಿಲ್ಲ.