ಟಾಪ್‌ಅಪ್ ರಾಯರು

ವಸಂತವಲ್ಲಭರಾಯಸ್ವಾಮಿಯ ಹಳೆಯ ಗುಡಿಯಿಂದ ಹಿಡಿದು, 2022ರಲ್ಲಿ ಉದ್ಘಾಟನೆಗೊಂಡ ವೈಕುಂಠ ಬೆಟ್ಟದ ರಾಜಾಧಿರಾಜ ಗೋವಿಂದ ದೇವಾಲಯದ ಆಸುಪಾಸಿನವರೆಗೆ ಹಬ್ಬಿಕೊಂಡಿರುವ ದಕ್ಷಿಣ ಬೆಂಗಳೂರಿನ ವಸಂತಪುರದಲ್ಲಿ, ಕಾರು ಇಟ್ಟುಕೊಂಡವರ ಪೈಕಿ ‘ಟಾಪ್‌ಅಪ್ ರಾಯರು’ ಎಂದು ಹೆಸರಿಸಬಹುದಾದ ಒಂದು ವರ್ಗವಿದೆ. ರಾಯರು ಎಂಬುದು ಇಲ್ಲಿ ಗೌರವವಾಚಕವೇ ಹೊರತು ಕುಲವಾಚಕವಲ್ಲ. ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರಾಗಿ, ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಪೆಟ್ರೋಲಿನ ಲೆಕ್ಕವನ್ನು ಡೈರಿಯಲ್ಲೂ ಬರೆದಿಡುವ ಯಾರು ಬೇಕಾದರೂ ಈ ಪದವಿಗೆ ಅರ್ಹರು. ಶಿವರಾತ್ರಿಯಂದು ಚಳಿಯು ‘ಶಿವ ಶಿವ’ ಎನ್ನುತ್ತ ಓಡಿಹೋದ ಮರುವಾರ, ಕಾರಿನ ಏಸಿಗೆ ತಪ್ಪದೆ ಗ್ಯಾಸ್ ತುಂಬಿಸುವುದು ಈ ವರ್ಗದ ಮುಖ್ಯ ಲಕ್ಷಣ.

ಈ ವಾರ್ಷಿಕ ವ್ರತದ ಮೂಲವನ್ನು ಹುಡುಕಹೊರಟರೆ ಅದು ಯಂತ್ರದಲ್ಲಿ ಸಿಗದೆ ಭಾಷೆಯಲ್ಲಿ ಸಿಗುತ್ತದೆ. ಇಂದಿನ ಕನ್ನಡ ಗೃಹಸ್ಥನಿಗೆ ಮೂರು ಬಗೆಯ ಗ್ಯಾಸು ಗೊತ್ತು: ಒಲೆಯದು, ಹೊಟ್ಟೆಯದು, ಏಸಿಯದು. ಮೊದಲನೆಯದು ಉರಿದು ಮುಗಿಯುತ್ತದೆ, ಎರಡನೆಯದು ಓಮದ ಕಾಳಿಗೆ ಶಮನವಾಗುತ್ತದೆ. ಮೂರನೆಯದು ಮಾತ್ರ ಮುಗಿಯಬಾರದ ವಸ್ತುವಾದರೂ ಹೆಸರೊಂದೇ ಆದ ಕಾರಣ ರಾಯರು ಅದನ್ನು ಅಡುಗೆಮನೆಯ ಸಿಲಿಂಡರಿನ ಸಾಲಿಗೆ ಸೇರಿಸಿ, ‘ಒಂದು ವರ್ಷ ಬಂತಲ್ಲ, ಪರವಾಗಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ವಾಸ್ತವದಲ್ಲಿ ಕಾರಿನ ಏಸಿ ಒಂದು ಮುಚ್ಚಿದ ವರ್ತುಲ. ಆರ್-134ಎ ಎಂಬ ಶೀತಕ, ಅಂದರೆ ಸಾಮಾನ್ಯ ವಾಯುಭಾರದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿದುಬಿಡುವ ದ್ರವ, ಸಣ್ಣ ಕಾರಿನಲ್ಲಿ ಸುಮಾರು 400 ಗ್ರಾಂನಷ್ಟು ಇರುತ್ತದೆ. ಕಂಪ್ರೆಸರ್ ಅದನ್ನು ಅನಿಲರೂಪದಲ್ಲಿ ಹಿಂಡಿ ಬಿಸಿಮಾಡುತ್ತದೆ, ಕಾರಿನ ಮೂಗಿನ ಹಿಂದಿರುವ ಕಂಡೆನ್ಸರ್ ಆ ಬಿಸಿಯನ್ನು ಗಾಳಿಗೆ ಬಿಟ್ಟು ಅದನ್ನು ದ್ರವವಾಗಿಸುತ್ತದೆ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಮತ್ತೆ ಕುದಿಯುತ್ತ ಒಳಗಿನ ಸೆಕೆಯನ್ನು ಹೀರಿಕೊಳ್ಳುತ್ತದೆ. ಈ ಸುತ್ತಿನಲ್ಲಿ ಉರಿಯುವುದಾಗಲಿ ಸವೆಯುವುದಾಗಲಿ ಇಲ್ಲ. ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಆ ತೂತಿಗೆ ರಾಯರ ಮಿತವ್ಯಯವೂ ಕೈಜೋಡಿಸಿರುವ ಸಾಧ್ಯತೆಯುಂಟು. ಏಸಿ ಹಾಕಿದರೆ ಗಾಡಿ ಪೆಟ್ರೋಲು ಕುಡಿಯುತ್ತದೆ ಎಂಬ ಸಿದ್ಧಾಂತದಂತೆ ದಸರೆಯಿಂದ ಶಿವರಾತ್ರಿಯವರೆಗೆ ಅವರು ಆ ಗುಂಡಿಯನ್ನು ಮುಟ್ಟುವುದಿಲ್ಲ. ಆದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದೊಡನೆಯೇ ಸುತ್ತುವುದರಿಂದ, ತಿಂಗಳುಗಟ್ಟಲೆ ಏಸಿ ಓಡದಿದ್ದರೆ ಕಂಪ್ರೆಸರಿನ ದಂಡಕ್ಕೆ ಬಿಗಿದಿರುವ ರಬ್ಬರಿನ ಸೀಲು ಒಣಗಿ, ಅನಿಲಕ್ಕೆ ದಾರಿ ಬಿಡುತ್ತದೆ. ವಾರಕ್ಕೊಮ್ಮೆ ಐದು ಹತ್ತು ನಿಮಿಷ ಏಸಿ ಓಡಿಸಿದ್ದರೆ ತಪ್ಪುತ್ತಿದ್ದ ಅನಾಹುತವಿದು. ಇನ್ನು ಪರಿಸರದ ಲೆಕ್ಕ: ಭೂಮಿಯನ್ನು ಬಿಸಿಮಾಡುವುದರಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ತೂಕಕ್ಕೆ ತೂಕ ಸುಮಾರು 1,400 ಪಟ್ಟು ಬಲಶಾಲಿಯಾದ್ದರಿಂದ, 400 ಗ್ರಾಂ ಸೋರಿದರೆ ಇನ್ನೂರು ಲೀಟರಿಗೂ ಹೆಚ್ಚು ಪೆಟ್ರೋಲು ಸುಟ್ಟಂತಾಯಿತು. ಹಸಿಕಸ ಒಣಕಸ ಬೇರ್ಪಡಿಸದ ನೆರೆಮನೆಯವರಿಗೆ ದಿನಾ ಬೆಳಗ್ಗೆ ಉಪದೇಶ ಮಾಡುವ ರಾಯರ ಡೈರಿಯಲ್ಲಿ ಈ ಪೆಟ್ರೋಲಿಗೆ ಕಾಲಂ ಇಲ್ಲ.

ಕನಕಪುರ ರಸ್ತೆಯ ಕಡೆಯ ಯಾವುದೇ ಗ್ಯಾರೇಜಿನಲ್ಲಿ ಮಾರ್ಚ್ ತಿಂಗಳಲ್ಲಿ ಕೇಳಿಬರುವ ಸಂಭಾಷಣೆ ಹೆಚ್ಚುಕಡಿಮೆ ಒಂದೇ ಅಚ್ಚಿನದು.

“ಸಾರ್, ಗ್ಯಾಸ್ ಸುಮ್ನೆ ಖಾಲಿ ಆಗಲ್ಲ. ಎಲ್ಲೋ ಲೀಕ್ ಐತೆ. ಗಾಡಿ ಒಂದಿನ ಬಿಟ್ಟೋಗಿ, ನೋಡಿ ಹೇಳ್ತೀನಿ.”

“ಲೀಕು ಗೀಕು ಎಲ್ಲಾ ಬೇಡಪ್ಪ, ಬರೀ ಟಾಪ್‌ಅಪ್ ಮಾಡ್ಬಿಡು. ಹೋದ ವರ್ಷಾನೂ ಅಷ್ಟೇ ಅಲ್ವೇ ಮಾಡಿದ್ದು?”

ಈ ಅಪನಂಬಿಕೆ ಪೂರ್ತಿ ನಿರಾಧಾರವೆನ್ನಲಾಗದು. ಬಾನೆಟ್ ಎತ್ತುವ ಮೊದಲೇ ‘ಕೂಲಿಂಗ್ ಕಾಯಿಲ್ ಹೋಗಿದೆ’ ಎಂದು ಘೋಷಿಸಿ ಇಡೀ ಡ್ಯಾಶ್‌ಬೋರ್ಡನ್ನು ಬಿಚ್ಚಿ ಹರಡುವ ಮಹನೀಯರೂ ಇದ್ದಾರೆ. ರಾಯರೂ ತಮ್ಮ ಮಟ್ಟಿಗೆ ಸಂಶೋಧನೆ ನಡೆಸದೆ ಇರುವುದಿಲ್ಲ: ಏಸಿ ಹಾಕಿ ನಿಲ್ಲಿಸಿದ ಕಾರಿನಡಿ ನೀರು ತೊಟ್ಟಿಕ್ಕುವುದನ್ನು ಕಂಡು ‘ಲೀಕು ಸಿಕ್ಕಿತು’ ಎಂದು ಸಂಭ್ರಮಿಸುತ್ತಾರೆ. ಅದು ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ ಇಳಿದ ಶುದ್ಧ ನೀರು, ಏಸಿ ಆರೋಗ್ಯವಾಗಿದೆ ಎಂಬುದರ ಗುರುತು.

ನಿಜವಾದ ಸೋರಿಕೆ ಕಣ್ಣಿಗೆ ಕಾಣುವುದು ಎಣ್ಣೆಯ ರೂಪದಲ್ಲಿ. ಅನಿಲದ ಜೊತೆ ಎಣ್ಣೆಯೂ ಜಿನುಗಿ ಅದಕ್ಕೆ ರಸ್ತೆಯ ಧೂಳು ಮೆತ್ತಿಕೊಳ್ಳುವುದರಿಂದ, ಪೈಪಿನ ಕೀಲುಗಳಲ್ಲಿ ಜಿಡ್ಡಿನ ಕಪ್ಪು ಕಲೆ ಕಂಡಲ್ಲಿ ಬಲ್ಲ ಮೆಕ್ಯಾನಿಕ್ಕಿನ ಬೆರಳು ಮೊದಲು ಹೋಗುತ್ತದೆ. ಆಮೇಲೆ ಉಳಿದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, ಒಣ ನೈಟ್ರೋಜನ್ ಅನ್ನು ಒತ್ತಡದಲ್ಲಿ ತುಂಬಿ ಕೀಲುಗಳಿಗೆಲ್ಲ ಸೋಪಿನ ನೀರು ಬಳಿದರೆ, ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೂ ಸಿಗದ ಸೂಕ್ಷ್ಮ ಸೋರಿಕೆಗೆ, ನೇರಳಾತೀತ ಬೆಳಕು ಬಿಟ್ಟರೆ ಹಸಿರು ಹಳದಿಯಾಗಿ ಹೊಳೆಯುವ ಬಣ್ಣವನ್ನು ಒಳಗೆ ಬಿಟ್ಟು ಕೆಲವು ದಿನ ಓಡಿಸಿ ನೋಡುವುದುಂಟು. ವಾಸನೆ ಹಿಡಿಯುವ ಎಲೆಕ್ಟ್ರಾನಿಕ್ ಉಪಕರಣವೂ ಉಂಟು, ಆದರೆ ಶೀತಕ ಗಾಳಿಗಿಂತ ಭಾರವಾದ್ದರಿಂದ ಅದರ ಮೂತಿಯನ್ನು ಕೀಲಿನ ಕೆಳಭಾಗದಲ್ಲಿ ಆಡಿಸಬೇಕು. ತೂತು ಮುಚ್ಚಿದ ಮೇಲೆ ಅರ್ಧ ಗಂಟೆಯಷ್ಟು ವ್ಯಾಕ್ಯೂಮ್ ಮಾಡಿ ಒಳಗಿನ ಗಾಳಿ ಮತ್ತು ತೇವವನ್ನು ಹೊರಗೆಳೆದು, ಗೇಜಿನ ಮುಳ್ಳು ಕದಲದಿರುವುದನ್ನು ನೋಡಿಕೊಂಡು, ಕಂಪನಿ ನಿಗದಿಪಡಿಸಿದಷ್ಟೇ ಗ್ಯಾಸನ್ನು ತೂಕಮಾಡಿ ತುಂಬಬೇಕು. ಅಳತೆಯಿಲ್ಲದೆ ತುಂಬಿಸಿ, ‘ಕೈಯಿಟ್ಟು ನೋಡಿ ಸಾರ್, ತಣ್ಣಗಿದೆ’ ಎಂಬ ಪ್ರಮಾಣಪತ್ರದೊಡನೆ ಮನೆಗೆ ಮರಳುವ ರಾಯರಿಗೆ ಇದೆಲ್ಲ ಆಡಂಬರವೆನಿಸುತ್ತದೆ.

ಹಲವು ವರ್ಷಗಳ ನಂತರ, ಎಣ್ಣೆ ಬತ್ತಿದ ಕಂಪ್ರೆಸರ್ ಗರಗರ ಎಂದು ಜಾಮ್ ಆದಾಗ, ರಾಯರು ವಿಧಿಯಿಲ್ಲದೆ ಕಾರನ್ನು ಬಿಟ್ಟುಹೋಗುತ್ತಾರೆ. ಇಂಥ ಕಾರುಗಳಲ್ಲಿ ಸೋರಿಕೆ ಎಷ್ಟೋ ಬಾರಿ ಪತ್ತೆಯಾಗುವುದು ಪ್ರತಿವರ್ಷ ಗ್ಯಾಸ್ ತುಂಬಿಸಲು ಪೈಪು ಸಿಕ್ಕಿಸುವ ವಾಲ್ವಿನಲ್ಲಿಯೇ. ಟೈರಿನ ವಾಲ್ವಿನಂತೆಯೇ ಇರುವ ಅದರ ಪಿನ್ನು, ಮಸಾಲೆ ದೋಸೆ ಕಾಫಿಯ ಬೆಲೆಗೆ ಸಿಗುತ್ತದೆ.