ಓಟಿಪಿ ಮೀಮಾಂಸೆ

ಶೃಂಗೇರಿಯ ಆಸುಪಾಸಿನಲ್ಲಿ ಬದುಕುವವರಿಗೆ ಒಂದು ಚಾಳಿಯಿದೆ. ಯಾವ ಮಾತನ್ನೇ ಆಗಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಮಾಡಿ ಕೂರಿಸದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಗ್ರಂಥಾಲಯ ಶಾಸ್ತ್ರಕ್ಕೆ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಸೂತ್ರಗಳೂ ಐದೇ. ಇದು ಕಾಕತಾಳೀಯ ಎನ್ನುವವರು ಎರಡೂ ಶಾಸ್ತ್ರ ಓದಿದವರಲ್ಲ. ಪ್ರಕೃತ ಲೇಖಕನೂ ಓದಿಲ್ಲ. ಆದರೆ ಕೊಪ್ಪ ಸೀಮೆಯ ಒಂದು ಅರಿವು ಕೇಂದ್ರದ ಬೆಂಚಿನ ಮೇಲೆ ಇಡೀ ಮಳೆಗಾಲ ಕೂತಿದ್ದಾನೆ. ಅಷ್ಟು ಅಧಿಕಾರ ಸಾಕು.

ವಿಷಯ ಸಣ್ಣದು. 1965ರ ಕಾಯ್ದೆಯಡಿ ನಡೆಯುತ್ತಿದ್ದ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ಆಮೇಲೆ ಅರಿವು ಕೇಂದ್ರ ಎನಿಸಿಕೊಂಡವು. 2020ರಲ್ಲಿ ರಾಜ್ಯಕ್ಕೊಂದು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಆಯಿತು. ಅಲ್ಲಿಯವರೆಗೆ ಪೇಪರಿಗೆ ಸೀಲು ಹೊಡೆದು ಕಡ್ಡಿಗೆ ಸಿಕ್ಕಿಸುತ್ತಿದ್ದ ಮೇಲ್ವಿಚಾರಕಿಯ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ತರಬೇತಿಗೆ ಹೋಗಿಬಂದರು. ಕಲಿತದ್ದರಲ್ಲಿ ಅರ್ಧ ಬಸ್ಸಿಳಿಯುವ ಹೊತ್ತಿಗೆ ಮರೆತಿತ್ತು. ಉಳಿದರ್ಧ, ಸೈಟಿನವರು ಬಟನ್ನಿನ ಜಾಗ ಬದಲಿಸಿದ್ದರಿಂದ ನಿರುಪಯುಕ್ತವಾಯಿತು. ಈಗ ರಾತ್ರಿ ಮಗನಿಂದ ಕಲಿತು ಬೆಳಿಗ್ಗೆ ಊರಿಗೆ ಕಲಿಸುತ್ತಾರೆ. ಗುರುಪರಂಪರೆ ಅವಿಚ್ಛಿನ್ನವಾಗಿದೆ. ಮೂಲಗುರು ಎಂಟನೇ ಕ್ಲಾಸು.

ಸಂಶಯವೆಲ್ಲ ಅಜ್ಜಯ್ಯನದು. ನಾಲ್ಕು ಎಕರೆ ಅಡಿಕೆ ತೋಟ, ಎಪ್ಪತ್ತು ದಾಟಿದ ವಯಸ್ಸು. ಈ ಯಂತ್ರ ಹೇಳುವುದನ್ನು ನಂಬಬಹುದೇ ಎಂಬ ಪ್ರಾಮಾಣ್ಯದ ಪ್ರಶ್ನೆಯನ್ನು ಮೊದಲು ಎತ್ತಿದ್ದು ಅವರೇ. ಪರೀಕ್ಷೆಗೆ ಇಟ್ಟದ್ದು ಒಂದೇ ಪ್ರಶ್ನೆ:

"ಕುವೆಂಪು ಹುಟ್ಟಿದ್ದೆಲ್ಲಿ ಅಂತ ಕೇಳು ತಂಗಿ."

ಕುಪ್ಪಳಿ ಎಂದಿದ್ದರೆ ಅಜ್ಜಯ್ಯ ಕೊಡೆ ತಗೊಂಡು ಎದ್ದು ಹೋಗುತ್ತಿದ್ದರು, ಮೀಮಾಂಸೆ ಅಲ್ಲಿಗೇ ಮುಗಿಯುತ್ತಿತ್ತು. 1904, ಹಿರೇಕೊಡಿಗೆ, ಕೊಪ್ಪ ತಾಲ್ಲೂಕು ಎಂದು ಬಂತು. "ಅಡ್ಡಿಲ್ಲ, ವಿಷ್ಯ ಗೊತ್ತಿದೆ ಇದಕ್ಕೆ" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು.

ಪೂರ್ವಪಕ್ಷ ಎದ್ದದ್ದು ಪಹಣಿಗೆ ಆಧಾರ್ ಜೋಡಿಸುವ ದಿನ. ಫೋನಿಗೆ ಬರುವ ಸಂದೇಶ ಓಟಿಪಿಯನ್ನು ಯಾರಿಗೂ ಹೇಳಕೂಡದು ಎನ್ನುತ್ತದೆ. ಮೇಲ್ವಿಚಾರಕಿ "ಓಟಿಪಿ ಹೇಳಿ ಅಜ್ಜಯ್ಯ" ಎನ್ನುತ್ತಾರೆ. ಒಂದು ನಿಷೇಧ, ಒಂದು ವಿಧಿ. ಎರಡೂ ಮೇಲಿನಿಂದ ಬಂದ ವಾಕ್ಯಗಳೇ. ಅಜ್ಜಯ್ಯ ಫೋನನ್ನು ಎದೆಗೆ ಒತ್ತಿಕೊಂಡು, "ಯಾರಿಗೂ ಅಂದ್ರೆ ಯಾರಿಗೂ ಅಲ್ವೇನೇ ಮಾರಾಯ್ತಿ?" ಎಂದರು. ಇವರನ್ನು ಹಿಂಜರಿಯುವ ಓದುಗರು ಎಂದು ಕರೆಯುವುದು ವಾಡಿಕೆ. ನನ್ನ ಮಟ್ಟಿಗೆ ಆ ಕೋಣೆಯಲ್ಲಿ ಸೂಚನೆಯನ್ನು ಪೂರ್ತಿ ಓದಿದ್ದು ಅವರೊಬ್ಬರೇ.

ವಾದ ಬೆಳೆಯುವಷ್ಟರಲ್ಲಿ ಹತ್ತು ನಿಮಿಷ ಕಳೆದು ಓಟಿಪಿ ಸತ್ತಿತು. ಎರಡನೆಯದು ಬರಲೇ ಇಲ್ಲ, ಟವರ್ ಹೋಗಿತ್ತು. ನಮ್ಮಲ್ಲಿ ಕಂಪ್ಯೂಟರ್ ಇರುವಲ್ಲಿ ಸಿಗ್ನಲ್ ಇಲ್ಲ, ಸಿಗ್ನಲ್ ಇರುವುದು ಎದುರಿನ ದರೆಯ ಮೇಲಿನ ಹಲಸಿನ ಮರದ ಬುಡದಲ್ಲಿ. ಪತ್ರಿಕೆ ಓದಲು ಬಂದಿದ್ದ ಹುಡುಗನೊಬ್ಬ ಫೋನ್ ಹಿಡಿದು ಮಳೆಯಲ್ಲಿ ದರೆ ಹತ್ತಿದ. ಅಲ್ಲಿಂದ ಆರು ಅಂಕಿಗಳನ್ನು ಕೂಗಿದ. ಕೂಗಿ ಕೇಳಿಸಿದ್ದರಿಂದ ಅದು ಶ್ರುತಿ. ಬಾಗಿಲಲ್ಲಿ ನಿಂತಿದ್ದವರು ನೆನಪಿಟ್ಟುಕೊಂಡು ಒಳಗೆ ಹೇಳಿದ್ದು ಸ್ಮೃತಿ. ಸ್ಮೃತಿಯಲ್ಲಿ ನಾಲ್ಕು ಹೋಗಿ ಒಂಬತ್ತು ಬಂದಿತ್ತು. ಶ್ರುತಿ ಸ್ಮೃತಿಗಳಿಗೆ ವಿರೋಧ ಬಂದರೆ ಶ್ರುತಿಯೇ ಗೆಲ್ಲಬೇಕು. ಆದ್ದರಿಂದ ಹುಡುಗ ಮತ್ತೊಮ್ಮೆ ಕೂಗಿದ. ಯಾರಿಗೂ ಹೇಳಬಾರದ ಸಂಖ್ಯೆ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಬಾಯಿಪಾಠವಾಯಿತು.

ಸಿದ್ಧಾಂತ ಮೇಲ್ವಿಚಾರಕಿಯದು, ಯಾವ ತರಬೇತಿಯಲ್ಲೂ ಕಲಿಸಿದ್ದಲ್ಲ. ಮರುದಿನ ಕೀಬೋರ್ಡನ್ನು ಅಜ್ಜಯ್ಯನ ಮುಂದೆ ತಳ್ಳಿ, ತಾವು ಗೋಡೆಯ ಕಡೆ ತಿರುಗಿ ನಿಂತರು. "ನನಗೂ ಹೇಳ್ಬೇಡಿ. ನೀವೇ ಒತ್ತಿ." ಮೆಟ್ಟುಗತ್ತಿಯ ಮುಂದೆ ಐವತ್ತು ವರ್ಷ ಅಡಿಕೆ ಸುಲಿದ ಬೆರಳು, ಉಗುರಿನ ಸಂದಿಯಲ್ಲಿ ಚೊಗರಿನ ಕಪ್ಪು, ಗೆರೆಯೆಲ್ಲ ಸವೆದು ಬೆರಳಚ್ಚಿನ ಯಂತ್ರವೇ ಒಪ್ಪದ ಬೆರಳು ಅದು. ಒಂದೊಂದು ಅಂಕಿಯನ್ನೂ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿತು. ಮೂರರ ಮೇಲೆ ಜಾಸ್ತಿ ಹೊತ್ತು ನಿಂತು ಮೂರು ಮೂರು ಸಲ ಬಿತ್ತು. ಅಳಿಸಿ ಮತ್ತೆ ಒತ್ತಿದರು. ಗೋಡೆ ನೋಡುತ್ತಲೇ ಮೇಲ್ವಿಚಾರಕಿ, "ಮುಟ್ಟಿದ್ರೆ ಸಾಕು ಅಜ್ಜಯ್ಯ, ಸುಲೀಬೇಡಿ" ಎಂದರು. ಇಪ್ಪತ್ತು ನಿಮಿಷ, ಮೂರು ಓಟಿಪಿ ಖರ್ಚಾದವು. ರಂಗನಾಥನ್ನರ ನಾಲ್ಕನೆಯ ಸೂತ್ರ ಓದುಗರ ಹೊತ್ತು ಉಳಿಸಬೇಕೆನ್ನುತ್ತದೆ. ಆಷಾಢದ ಮಳೆಯಲ್ಲಿ ಕೊಪ್ಪದವರ ಹತ್ತಿರ ಇರುವುದೇ ಹೊತ್ತು. ಅದನ್ನೂ ಉಳಿಸಿಕೊಟ್ಟರೆ ಅವರು ಇಟ್ಟುಕೊಳ್ಳುವುದೆಲ್ಲಿ?

ಇದಾದ ಮೇಲೆ ಅಜ್ಜಯ್ಯ ಇ-ಪುಸ್ತಕ ಓದಿದರೇ ಎಂದು ಕೇಳಬೇಡಿ. ದಿನವೂ ಹತ್ತೂವರೆಗೆ ಬಂದು ಶಿವಮೊಗ್ಗದ ಧಾರಣೆ ನೋಡುತ್ತಾರೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಪಕ್ಕದಲ್ಲಿ ಕೂತವರಿಗೆ ಮೌಸ್ ಹಿಡಿಯುವುದು ಹೇಗೆಂದು ಪಾಠವನ್ನೂ ಮಾಡುತ್ತಾರೆ, ಸ್ವಲ್ಪ ಗದರಿಸಿಯೇ.

ಐದನೆಯ ಅಂಗವಾದ ಸಂಗತಿಯನ್ನು ಬರೆಯಲು ಕೂತಾಗ ಕರೆಂಟು ಹೋಯಿತು. ಗಾಳಿಗೆ ಮರ ಬಿದ್ದಿದೆಯಂತೆ. ಓದುಗರಲ್ಲಿ ಒಂದೇ ವಿನಂತಿ: ಬರುವಾಗ ಫೋನ್ ಚಾರ್ಜ್ ಮಾಡಿಕೊಂಡೇ ಬನ್ನಿ. ಇಲ್ಲಿರುವುದು ಒಂದೇ ಪ್ಲಗ್ಗು, ಅದರಲ್ಲಿ ಅಜ್ಜಯ್ಯನ ಫೋನಿದೆ.