ಬಿದ್ದ ಮಳೆಗೆ ಭವಿಷ್ಯ

ಹವಾಮಾನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ಸಾಕು, ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾಳೆ ಹಪ್ಪಳ ಒಣಹಾಕಬಹುದಾ? ಭಾನುವಾರದ ನಿಶ್ಚಿತಾರ್ಥಕ್ಕೆ ಶಾಮಿಯಾನ ಸಾಕಾ, ಛತ್ರವನ್ನೇ ಹಿಡಿಯಬೇಕಾ? ಪಾಪ, ಅವರಿಗೆ ಹೇಗೆ ಹೇಳಲಿ, ನಾಳೆಗೂ ನನಗೂ ಯಾವ ವ್ಯವಹಾರವೂ ಇಲ್ಲವೆಂದು! ನನ್ನ ಸಂಶೋಧನೆಯ ವಿಷಯ 2002ರ ಜುಲೈ ತಿಂಗಳ ಮಳೆ. ಅದೂ ಬಂದ ಮಳೆಯಲ್ಲ, ಬಾರದೇ ಹೋದ ಮಳೆ.

ನಮ್ಮೂರು ಚಳ್ಳಕೆರೆ ಕಡೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು. ಅಂಥ ಊರಿನ ಹುಡುಗ ಮಳೆಯ ಮೇಲೆ ಡಾಕ್ಟರೇಟ್ ಮಾಡುತ್ತಾನೆಂದು ಚಿಕ್ಕಪ್ಪನಿಗೆ ಒಳಗೊಳಗೇ ಹೆಮ್ಮೆಯಿತ್ತು. ವಿಷಯ ಏನೆಂದು ನಾನು ವಿವರಿಸುವವರೆಗೆ.

"ಆ ವರ್ಸ ಮಳೆ ಬರ್ಲಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲೋ! ಶೇಂಗಾ ಬಿತ್ತಿ ಬೀಜಾನೂ ಕಳ್ಕಂಡೆ. ಈಗ ಅದನ್ನ ಕಂಡುಹಿಡಿಯಾಕೆ ಸರ್ಕಾರ ನಿಂಗೆ ತಿಂಗಳಾ ತಿಂಗಳಾ ದುಡ್ಡು ಕೊಡ್ತೈತಾ?"

ಕೊಡುತ್ತದೆ ಚಿಕ್ಕಪ್ಪ. ಕೆಲವು ಸಲ ಮುಂಗಾರಿಗಿಂತ ತಡವಾಗಿ.

ನನ್ನ ಪರವಾಗಿಯೂ ಎರಡು ಮಾತಿದೆ. 1997ರಲ್ಲಿ ಪೆಸಿಫಿಕ್ ಸಾಗರ ಕಾದ ಬಾಣಲೆಯಾಗಿತ್ತು. ಶತಮಾನದ ಘೋರ ಎಲ್ ನಿನೊ, ಇನ್ನು ಭಾರತಕ್ಕೆ ಬರ ಕಟ್ಟಿಟ್ಟದ್ದು ಎಂದುಕೊಂಡರೆ ಮುಂಗಾರು ವಾಡಿಕೆಗಿಂತ ಶೇಕಡಾ 2ರಷ್ಟು ಹೆಚ್ಚೇ ಸುರಿದು ಹೋಯಿತು. 2002ರ ಎಲ್ ನಿನೊ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ಆ ಜುಲೈನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಹೆಚ್ಚುಕಡಿಮೆ ಅರ್ಧ ಮಳೆ. ನಾಲ್ಕು ತಿಂಗಳ ಲೆಕ್ಕದಲ್ಲಿ ಕೊರತೆ ಶೇಕಡಾ 19. ಇಷ್ಟು ದೊಡ್ಡ ಬರ ಬರುತ್ತಿದೆಯೆಂದು ಯಾರ ಮುನ್ಸೂಚನೆಯೂ ಹೇಳಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಮತ್ತವರ ಸಹೋದ್ಯೋಗಿಗಳು ಆಗ ತೋರಿಸಿದ್ದು, ದೂರದ ಪೆಸಿಫಿಕ್ ಒಂದನ್ನೇ ನೋಡಿದರೆ ಸಾಲದು, ಸಮಭಾಜಕದ ಬಳಿ ನಮ್ಮದೇ ಹಿಂದೂ ಮಹಾಸಾಗರದ ಮೇಲೆ ಮೋಡಗಳು ಆಫ್ರಿಕದ ಕಡೆ ಸೇರಿವೆಯೋ ಸುಮಾತ್ರದ ಕಡೆ ಸೇರಿವೆಯೋ ಎಂಬುದನ್ನೂ ನೋಡಬೇಕು ಎಂದು. ಆಫ್ರಿಕದ ಕಡೆ ಸೇರಿದರೆ ನಮಗೆ ಅನುಕೂಲ. 1997ರಲ್ಲಿ ಅದು ಕೈಹಿಡಿಯಿತು, 2002ರಲ್ಲಿ ಕೈಕೊಟ್ಟಿತು. ಇದನ್ನು ಕೇಳಿದ ಚಿಕ್ಕಪ್ಪ, "ಅಂಗಾರೆ ಎರಡೂ ಸಮುದ್ರಾನ ಕೇಳಿ ಬಿತ್ತಬೇಕು ಅನ್ನು" ಎಂದರು. ನನ್ನ ಮೊದಲ ಅಧ್ಯಾಯದ ಸಾರಾಂಶ ಇದಕ್ಕಿಂತ ಬಹಳ ಉದ್ದವಿದೆ, ಇಷ್ಟು ಸ್ಪಷ್ಟವಾಗಿಲ್ಲ.

ನನ್ನ ದಿನನಿತ್ಯದ ಕೆಲಸಕ್ಕೆ ಹೈಂಡ್‌ಕಾಸ್ಟ್ ಎಂದು ಹೆಸರು. ಆಗಿಹೋದ ವರ್ಷದ ಸಮುದ್ರದ ಬಿಸಿಯನ್ನು ಕಂಪ್ಯೂಟರಿನ ಮಾಡೆಲ್‌ಗೆ ಉಣಿಸಿ, ಈಗ ಮಳೆ ಎಷ್ಟು ಹೇಳಪ್ಪಾ ಎಂದು ಕೇಳುವುದು. ಉತ್ತರ ದೇಶಕ್ಕೆಲ್ಲ ಗೊತ್ತು, ಮಾಡೆಲ್‌ಗೆ ಮಾತ್ರ ಗೊತ್ತಿಲ್ಲ. ನನ್ನ ಮಾಡೆಲ್‌ನಲ್ಲಿ 2002ರ ಜುಲೈ ತುಂಬ ಸೊಗಸಾದ ಮಳೆಯಾಗಿದೆ. ಚಿಕ್ಕಪ್ಪನ ಶೇಂಗಾ ಅಲ್ಲಿ ಭರ್ಜರಿ ಫಸಲು ಬಂದಿದೆ. ಇದನ್ನು ಕಂಡು ಖುಷಿಪಟ್ಟವರು ನಮ್ಮ ಗೈಡ್ ಮೇಷ್ಟ್ರು ಒಬ್ಬರೇ. ಮಾಡೆಲ್ ತಪ್ಪಿದ್ದು ಒಂದು ಅಧ್ಯಾಯ, ಯಾಕೆ ತಪ್ಪಿತು ಎನ್ನುವುದು ಇನ್ನೊಂದು ಅಧ್ಯಾಯ ಎನ್ನುವುದು ಅವರ ಲೆಕ್ಕ.

ಮಾಡೆಲ್‌ನದೂ ಪಾಪ ಏನು ತಪ್ಪು? ಅದು ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡಿದೆ. ನಾನು ಓಡಿಸುವುದರಲ್ಲಿ ಒಂದೊಂದು ಚೌಕವೂ ಸುಮಾರು 100 ಕಿಲೋಮೀಟರ್ ಅಗಲ. ಹೊಳಲ್ಕೆರೆಯ ಅಡಿಕೆ ತೋಟ, ಚಳ್ಳಕೆರೆಯ ಕುರಿ ಹಟ್ಟಿ ಎಲ್ಲ ಒಂದೇ ಚೌಕದಲ್ಲಿ, ಎರಡಕ್ಕೂ ಒಂದೇ ಮಳೆ. ಮೋಡವೋ ಕೆಲವೇ ಕಿಲೋಮೀಟರಿನದು. ಈ ಚೌಕದ ಬಲೆಗೆ ಬೀಳದೆ ನುಣುಚಿಕೊಳ್ಳುತ್ತದೆ. ಹಾಗಾಗಿ ಮೋಡದ ಬದಲು ಒಂದು ಸೂತ್ರ ತುಂಬುತ್ತೇವೆ. ಆ ಸೂತ್ರಕ್ಕೆ ತಡೆದುಕೊಳ್ಳುವ ಗುಣವಿಲ್ಲ, ದಿನಾ ಅಷ್ಟಷ್ಟು ಜಿನುಗಿಸುತ್ತಲೇ ಇರುತ್ತದೆ. ನಮ್ಮೂರಿನ ಮಳೆಗೆ ಆ ಚಾಳಿಯಿಲ್ಲ. ಬರದಿದ್ದರೆ ಇಲ್ಲ, ಬಂದರೆ ಒಂದೇ ರಾತ್ರಿಗೆ ಕೆರೆ ಕೋಡಿ. ಇನ್ನು ಸೂಪರ್‌ಕಂಪ್ಯೂಟರಿನ ಕ್ಯೂನಲ್ಲಿ ಕಾದು ಕಾದು ಸರದಿ ಬಂದ ರಾತ್ರಿಯೇ ಹಿಮಾಲಯದ ನೆತ್ತಿಯ ಮೇಲೆ ಗಾಳಿಯ ವೇಗ ಅಸಂಬದ್ಧವಾಗಿ ಏರಿ ಮಾಡೆಲ್ ಬ್ಲೋ ಅಪ್ ಆಗುತ್ತದೆ. ಬೆಳಿಗ್ಗೆ ಸ್ಕ್ರೀನ್ ತುಂಬ ಸಂಖ್ಯೆಯೇ ಅಲ್ಲದ ಸಂಖ್ಯೆಗಳು.

ಹೀಗೆ ಬ್ಲೋ ಅಪ್ ಆದಾಗೆಲ್ಲ ಮೇಷ್ಟ್ರು ಗಿಲ್ಬರ್ಟ್ ವಾಕರ್ ಕಥೆ ತೆಗೆಯುತ್ತಾರೆ. ಕೇಂಬ್ರಿಜ್‌ನ ಗಣಿತಜ್ಞ, ಬೂಮರಾಂಗ್ ಎಸೆಯುವ ಹುಚ್ಚು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಗುಮಾಸ್ತರನ್ನು ಕೂರಿಸಿಕೊಂಡು ಪ್ರಪಂಚದ ಒತ್ತಡ, ಉಷ್ಣಾಂಶ, ಮಳೆಗಳನ್ನೆಲ್ಲ ಕೈಲೆಕ್ಕದಲ್ಲೇ ಒಂದಕ್ಕೊಂದು ತಾಳೆ ಹಾಕಿಸಿದರು. ಮುಂಗಾರು ಅವರ ಸೂತ್ರಕ್ಕೆ ಸಿಕ್ಕಲಿಲ್ಲ. ಆದರೆ ಪೆಸಿಫಿಕ್‌ಗೂ ಹಿಂದೂ ಮಹಾಸಾಗರಕ್ಕೂ ನಡುವೆ ಗಾಳಿಯೊತ್ತಡ ತಕ್ಕಡಿಯಂತೆ ತೂಗುವುದು ಕಣ್ಣಿಗೆ ಬಿತ್ತು, ಅಲ್ಲಿನ ವಾಯು ಪರಿಚಲನೆಗೆ ಮುಂದೆ ಅವರದೇ ಹೆಸರು ಬಿತ್ತು. "ನೋಡಿ, ವಾಕರ್ 1924ರವರೆಗೆ ಇಪ್ಪತ್ತು ವರ್ಷ ಕೂತರು" ಎನ್ನುತ್ತಾರೆ ಮೇಷ್ಟ್ರು. ಇದನ್ನೇ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. "ಅವರಿಗೆ ಸಂಬಳ ಬರ್ತಿತ್ತು" ಎಂದು ಅಮ್ಮ ಒಳಗೆ ಹೋದರು.

ಇಷ್ಟೆಲ್ಲ ಹೇಳಿದ್ದು ಸುಮ್ಮನೆ ಅಲ್ಲ, ನಿಮ್ಮಿಂದ ಒಂದು ಉಪಕಾರ ಆಗಬೇಕಿದೆ. ಮಾಡೆಲ್ ಸರಿಯೋ ತಪ್ಪೋ ಹೇಳಲು ನೆಲದ ಮೇಲೆ ಅಳೆದ ಹಳೇ ಮಳೆ ಬೇಕು. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಬೆಳಿಗ್ಗೆ ಮಳೆಮಾಪಕ ನೋಡಿ, ಇಂಚು ಸೆಂಟುಗಳ ಲೆಕ್ಕದಲ್ಲಿ ಬರೆದಿಡುತ್ತಾ ಬಂದಿದ್ದಾರೆ. ನಿಮ್ಮ ಅಟ್ಟದ ಮೇಲೂ ಅಂಥ ಪುಸ್ತಕ ಇದ್ದರೆ ದಯವಿಟ್ಟು ಹಳೇ ಪೇಪರಿನವನ ತಕ್ಕಡಿಗೆ ಹಾಕಬೇಡಿ. ಗೆದ್ದಲು ತಿಂದಿದ್ದರೂ ಚಿಂತೆಯಿಲ್ಲ, ಹವಾಮಾನ ಓದುವ ಯಾವ ವಿದ್ಯಾರ್ಥಿಗೆ ಕೊಟ್ಟರೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ. 2002ರ ಪುಸ್ತಕ ಮಾತ್ರ ನನಗೇ ಇರಲಿ. ಜುಲೈ ಪುಟದಲ್ಲಿ ಬರೀ ಸೊನ್ನೆಗಳಿದ್ದರೂ ಬೇಜಾರಿಲ್ಲ. ನನ್ನ ಮಾಡೆಲ್‌ಗೆ ತೋರಿಸಬೇಕಾಗಿರುವುದು ಅವನ್ನೇ.